ಬಾಯಿಲ್ಲದ ಶ್ರೀಸಾಮಾನ್ಯ

ಕಳೆದ ತಿಂಗಳು ನಮ್ಮ ಪಕ್ಷದ ಕಚೇರಿಯಲ್ಲಿ ಒಂದು ಜಗಳವಾಯಿತು. ಹೊಡೆದಾಟದ ಜಗಳವಲ್ಲ, ತಂದಿಟ್ಟ ಚಹಾ ಆರಿಹೋಗುವಷ್ಟು ಹೊತ್ತು ನಡೆದ ಮಾತಿನ ಜಗಳ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳ ಗಿರಣಿಗಳಲ್ಲಿ ಮೂಟೆ ಹೊರುವ, ಕಾಳು ಹರಡುವ, ಯಂತ್ರದ ಮುಂದೆ ನಿಲ್ಲುವ ಜನರದೊಂದು ಸಭೆ ಕರೆಯಬೇಕೆಂದು ತೀರ್ಮಾನವಾಗಿತ್ತು. ಕೂಲಿಯ ದರ ಏರಿಸಬೇಕು, ವಾರದ ಬಟವಾಡೆ ವಾರಕ್ಕೇ ಆಗಬೇಕು, ಇವೆರಡೇ ಬೇಡಿಕೆ. ಅದಕ್ಕೊಂದು ಭಿತ್ತಿಪತ್ರ ಬೇಕಾಗಿತ್ತು. ಚನ್ನರಾಯನದುರ್ಗದ ಕಡೆಯ ಇಬ್ಬರು ಹುಡುಗರು, ಕಂಪ್ಯೂಟರಿನಲ್ಲಿ ಕೈ ಪಳಗಿದವರು, ರಾತ್ರಿಯೆಲ್ಲ ಕುಳಿತು ಒಂದು ನಮೂನೆ ತಯಾರಿಸಿ ತಂದಿದ್ದರು.

ನಡುವೆ ಒಬ್ಬ ಮುದುಕ. ಚೌಕಳಿ ಕೋಟು, ಪಂಚೆ, ದುಂಡು ಕನ್ನಡಕ, ಪೊರಕೆಯಂಥ ಮೀಸೆ, ಬೋಳು ತಲೆಯ ಎರಡೂ ಬದಿಗೆ ಎದ್ದುನಿಂತ ಎರಡು ಹಿಡಿ ಕೂದಲು. ಓದಿದವರೆಲ್ಲರಿಗೂ ಗುರುತು ಸಿಕ್ಕಿತು: ಶ್ರೀ ಆರ್. ಕೆ. ಲಕ್ಷ್ಮಣ್ ಅವರ 'ಕಾಮನ್ ಮ್ಯಾನ್'. ಭೇಷ್ ಎಂದರು. ಮೂಲೆಯಲ್ಲಿ ಕುಳಿತಿದ್ದ ಹಿರಿಯ ಹಮಾಲಿಯೊಬ್ಬರು ಮಾತ್ರ ಕಾಗದವನ್ನು ದೂರ ಹಿಡಿದು ನೋಡಿ, "ಈವಯ್ಯ ಯಾರು ಮೇಷ್ಟ್ರೇ? ಕೋರ್ಟ್ ಗುಮಾಸ್ತನಂಗೆ ಅವ್ನಲ್ಲ, ಮೂಟೆ ಹೊತ್ತವನಂಗೆ ಕಾಣಾಕಿಲ್ಲ" ಎಂದರು. ಎಲ್ಲರೂ ನಕ್ಕರು. ಈ ಚಿತ್ರ ಬೇಡವೆಂದು ನಾನು ಹೇಳಿದೆ. ಏಕೆ ಬೇಡ ಎಂದು ಹುಡುಗರು ಕೇಳಿದರು. ನಾನು ಕೊಟ್ಟ ಉತ್ತರ ಅವರಿಗೆ ಒಪ್ಪಿಗೆಯಾಗಲಿಲ್ಲ. ಅಂದು ಆಡಲು ಬಾರದೆ ಉಳಿದ ಮಾತನ್ನು ಈಗ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಲಕ್ಷ್ಮಣ್ ಅವರ ಮೇಲೆ ನನಗೆ ದ್ವೇಷವಿಲ್ಲ. ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಅವರ ಚಿತ್ರಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿ, ಮಂತ್ರಿ ಯಾರು, ಪ್ರಜೆ ಯಾರು ಎಂದು ಮಕ್ಕಳನ್ನು ಕೇಳಿದವನು ನಾನು. ಹುಡುಗರು ಮಂತ್ರಿಯನ್ನು ಹೊಟ್ಟೆಯಿಂದಲೇ ಗುರುತಿಸುತ್ತಿದ್ದರು. ಇಪ್ಪತ್ತು ಗೆರೆಗಳಲ್ಲಿ ಒಂದು ಸರ್ಕಾರವನ್ನು ಬಯಲಿಗೆಳೆಯುವ ಕೈ ಈ ದೇಶದಲ್ಲಿ ಹೆಚ್ಚು ಮಂದಿಗೆ ಇರಲಿಲ್ಲ. ಅಲ್ಲದೆ ಅದು ನಮ್ಮ ಮೈಸೂರಿನ ಕೈ. 1921ರಲ್ಲಿ ಮೈಸೂರಿನಲ್ಲಿ ಒಬ್ಬ ಹೆಡ್‌ಮಾಸ್ಟರರ ಕಿರಿಯ ಮಗನಾಗಿ ಹುಟ್ಟಿ, ಮನೆಯ ನೆಲ, ಗೋಡೆ, ಬಾಗಿಲುಗಳ ಮೇಲೆಲ್ಲ ಗೀಚಿ, ಅರಳಿ ಎಲೆಯೊಂದನ್ನು ಚೆನ್ನಾಗಿ ಬರೆದೆಯೆಂದು ಮೇಷ್ಟ್ರಿಂದ ಶಹಬಾಸ್‌ಗಿರಿ ಪಡೆದು ಬೆಳೆದವರು ಅವರು. ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರಿಗೆ ತಮ್ಮ. ಬೊಂಬಾಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ ಸಾಮರ್ಥ್ಯ ಸಾಲದೆಂದು ಅವರನ್ನು ಸೇರಿಸಿಕೊಳ್ಳಲಿಲ್ಲ. ಅದೇ ಶಾಲೆ ಮುಂದೆ ಅವರನ್ನು ಮುಖ್ಯ ಅತಿಥಿಯಾಗಿ ಕರೆಯಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ. ಎ. ಓದಿದರು. ಡಾ. ಎಂ. ಶಿವರಾಂ, ಅಂದರೆ ನಮ್ಮ 'ರಾಶಿ'ಯವರು, 1942ರಲ್ಲಿ ಆರಂಭಿಸಿದ 'ಕೊರವಂಜಿ'ಗೆ ಚಿತ್ರ ಬರೆದುಕೊಟ್ಟರು. ಇಡೀ ಹಿಂದೂಸ್ಥಾನವೇ ನೋಡಿದ ಆ ಗೆರೆಗಳು ಮೊದಮೊದಲು ಹರಿದಾಡಿದ್ದು ಒಂದು ಕನ್ನಡ ಮಾಸಪತ್ರಿಕೆಯ ಪುಟದಲ್ಲಿ. ಇದು ನಮಗೆ ಹೆಮ್ಮೆಯ ಸಂಗತಿಯೇ.

ಅವರು ಮನಸ್ಸಿನಲ್ಲಿ ಗುರುವೆಂದು ತಿಳಿದಿದ್ದುದು ಇಂಗ್ಲೆಂಡಿನ ಡೇವಿಡ್ ಲೋ ಎಂಬ ವ್ಯಂಗ್ಯಚಿತ್ರಕಾರನನ್ನು. ಬಾಲಕ ಲಕ್ಷ್ಮಣ್ ಆತನ ಸಹಿಯನ್ನು ತಪ್ಪಾಗಿ ಓದಿಕೊಂಡು, ಚಿತ್ರ ಬರೆದವನ ಹೆಸರು 'ಕೌ', ಅಂದರೆ ಹಸು, ಎಂದೇ ಬಹುಕಾಲ ನಂಬಿದ್ದರಂತೆ. ಈ ಲೋ ಮಹಾಶಯನು 1934ರಲ್ಲಿ ಕರ್ನಲ್ ಬ್ಲಿಂಪ್ ಎಂಬ ಪಾತ್ರವನ್ನು ಸೃಷ್ಟಿಸಿದ. ಬ್ಲಿಂಪನು ದಪ್ಪ ಮೀಸೆಯ, ದಪ್ಪ ಹೊಟ್ಟೆಯ ಮುದಿ ಸೇನಾಧಿಕಾರಿ. ಸ್ನಾನದ ಮನೆಯಲ್ಲಿ ಟವೆಲು ಸುತ್ತಿಕೊಂಡು ಸಾಮ್ರಾಜ್ಯದ ಬಗ್ಗೆ ಅಸಂಬದ್ಧ ಉಪದೇಶ ಮಾಡುವುದೇ ಅವನ ಉದ್ಯೋಗ. ಆತ ಎಷ್ಟು ಹೆಸರಾದನೆಂದರೆ 1943ರಲ್ಲಿ ಅವನ ಹೆಸರಿನಲ್ಲೊಂದು ಚಲನಚಿತ್ರವೇ ಬಂತು. ಯುದ್ಧದ ನಡುವೆ ಇಂಥ ಚಿತ್ರ ಕೂಡದೆಂದು ಪ್ರಧಾನಿ ಚರ್ಚಿಲ್ ಅದನ್ನು ತಡೆಯಲು ಹವಣಿಸಿದರು, ಆಗಲಿಲ್ಲ. ಇಲ್ಲಿ ಗಮನಿಸಬೇಕಾದುದು ಇಷ್ಟು: ಗುರು ಬರೆದದ್ದು ಮೇಲಿನವನನ್ನು, ಬಾಯಿ ಮುಚ್ಚದೆ ಮಾತಾಡುವವನನ್ನು. ಶಿಷ್ಯನು ಹೆಸರು ಮಾಡಿದ್ದು ಕೆಳಗಿನವನನ್ನು ಬರೆದು. ಆ ಕೆಳಗಿನವನಿಗೆ ಬಾಯಿಯೇ ಇಲ್ಲ.

ಲಕ್ಷ್ಮಣ್ ಬೊಂಬಾಯಿಗೆ ಹೋಗಿ ಮೊದಲು 'ಫ್ರೀ ಪ್ರೆಸ್ ಜರ್ನಲ್' ಸೇರಿದರು. ಕಮ್ಯುನಿಸ್ಟರನ್ನು ಗೇಲಿ ಮಾಡಕೂಡದೆಂದು ಅಲ್ಲಿಯ ಮಾಲೀಕರು ಕಟ್ಟು ಹಾಕಿದಾಗ ಕೆಲಸವನ್ನೇ ಬಿಟ್ಟು ಹೊರಬಂದರೆಂದು ಅವರ ಕಥೆ. (ನಮ್ಮ ಪಕ್ಷದವರು ಈ ಪ್ರಸಂಗವನ್ನು ಹೇಳುವಾಗ ಸ್ವಲ್ಪ ಹೆಚ್ಚೇ ಖುಷಿಪಡುತ್ತಾರೆ, ಅವರು ನಮ್ಮನ್ನೂ ಬಿಟ್ಟವರಲ್ಲ ಎಂಬುದನ್ನು ಮರೆಯಬಾರದು.) ಅಲ್ಲಿಂದ 1947ರಲ್ಲಿ 'ಟೈಮ್ಸ್ ಆಫ್ ಇಂಡಿಯಾ'ಕ್ಕೆ. ಆ ಪತ್ರಿಕೆಯನ್ನು ಅದಕ್ಕೆ ಒಂದು ವರ್ಷ ಮೊದಲಷ್ಟೇ ಸೇಠ್ ರಾಮಕೃಷ್ಣ ದಾಲ್ಮಿಯಾ ಕೊಂಡುಕೊಂಡಿದ್ದರು. 1951ರಲ್ಲಿ ಮೊದಲ ಪುಟದ ಮೂಲೆಯಲ್ಲಿ ದಿನಕ್ಕೊಂದು ಪುಟ್ಟ ಚಿತ್ರ ಆರಂಭವಾಯಿತು. ಹೆಸರು 'ಯು ಸೆಡ್ ಇಟ್', ಎಂದರೆ 'ನೀವೇ ಅಂದಿರಿ' ಎಂದಿಟ್ಟುಕೊಳ್ಳಿ. ಅದರಲ್ಲಿ ನಿತ್ಯ ನಿಂತವನೇ ನಮ್ಮ ಈ ಚೌಕಳಿ ಕೋಟಿನವನು.

ಆ ಮುದುಕ ಹುಟ್ಟಿದ ಬಗೆಯೂ ಸ್ವಾರಸ್ಯವಾಗಿದೆ. ದೇಶವೆಂದ ಮೇಲೆ ತಮಿಳನಿದ್ದಾನೆ, ಬಂಗಾಳಿ ಇದ್ದಾನೆ, ಪಂಜಾಬಿ ಇದ್ದಾನೆ, ಮರಾಠಿ ಇದ್ದಾನೆ. ಎಲ್ಲರನ್ನೂ ಚಿತ್ರದಲ್ಲಿ ತರಬೇಕೆಂದು ಲಕ್ಷ್ಮಣ್ ಆರಂಭದಲ್ಲಿ ಗುಂಪನ್ನೇ ಬರೆಯುತ್ತಿದ್ದರು. ಪತ್ರಿಕೆಯ ಕೆಲಸವೆಂದರೆ ಗಡಿಯಾರದ ಕೆಲಸ. ಹೊತ್ತು ಮೀರುತ್ತಿದ್ದಂತೆ ಗುಂಪಿನಲ್ಲಿ ಒಬ್ಬೊಬ್ಬರೇ ಬಿಟ್ಟುಹೋದರು. ಕಡೆಗೆ ಉಳಿದವನು ಈತನೊಬ್ಬನೇ. ಈ ಮಾತನ್ನು ಓದಿದಾಗ ನನಗೆ ಗಿರಣಿಯೇ ನೆನಪಾಯಿತು. ಹತ್ತು ಜನ ಮಾಡುತ್ತಿದ್ದ ಕೆಲಸಕ್ಕೆ ಆರು, ಆರಕ್ಕೆ ನಾಲ್ಕು, ಕಡೆಗೊಬ್ಬ. ಕೋಟಿ ಜನರ ಬದಲಿಗೆ ಒಬ್ಬನು ನಿಂತ. ಗುಂಪಿನಲ್ಲಿ ಇದ್ದಿದ್ದರೆ ಪಕ್ಕದವನ ಹತ್ತಿರವಾದರೂ ಒಂದು ಮಾತಾಡುತ್ತಿದ್ದನೇನೋ. ಒಬ್ಬನೇ ಆದ ಮೇಲೆ ಯಾರ ಜೊತೆ ಮಾತಾಡಬೇಕು?

ಅಂದಿನಿಂದ ಅರ್ಧ ಶತಮಾನಕ್ಕೂ ಮಿಕ್ಕಿ ಅವನು ಎಲ್ಲ ಕಡೆಯೂ ಇದ್ದ. ಮಂತ್ರಿಯ ಕೋಣೆಯಲ್ಲಿ, ರೈಲ್ವೆ ನಿಲ್ದಾಣದಲ್ಲಿ, ರೇಷನ್ ಸಾಲಿನಲ್ಲಿ, ಚುನಾವಣೆಯ ಸಭೆಯಲ್ಲಿ. ಎಲ್ಲರೂ ಮಾತಾಡುತ್ತಾರೆ, ಅವನು ನೋಡುತ್ತಾನೆ. ಅವನ ಹೆಂಡತಿ ಬಂದಾಗ ಆಕೆಯೂ ಮಾತಾಡುತ್ತಾಳೆ, ಗಟ್ಟಿಯಾಗಿಯೇ. ಅವನ ಬಾಯಿ ಮಾತ್ರ ಮೀಸೆಯ ಕೆಳಗೆಲ್ಲೋ ಅಡಗಿಹೋಗಿದೆ.

ಪುಟದಿಂದ ಅವನು ಪರದೆಗೆ ನಡೆದ ದಾರಿ ವಿಚಿತ್ರವಾದದ್ದು. ಲಕ್ಷ್ಮಣ್ ಅವರಿಗೂ ಪರದೆಗೂ ಮೊದಲಿಂದಲೂ ನಂಟಿತ್ತು. ಕಾಲೇಜಿನ ದಿನಗಳಲ್ಲೇ ಬೇಸಿಗೆ ರಜೆಯಲ್ಲಿ ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ದುಡಿದವರು. ನಾರದನನ್ನು ಕುರಿತ ಒಂದು ಚಲಿಸುವ ರೇಖಾಚಿತ್ರಕ್ಕೂ ಕೈಹಾಕಿದ್ದರು. 1955ರಲ್ಲಿ, ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರು 'ಮಿಸ್ಟರ್ ಅಂಡ್ ಮಿಸೆಸ್ 55' ಎಂಬ ಹಿಂದಿ ಚಿತ್ರ ತೆಗೆದಾಗ ಅದರ ನಾಯಕ ಕೆಲಸವಿಲ್ಲದ ವ್ಯಂಗ್ಯಚಿತ್ರಕಾರ. ಅವನು ಬರೆಯುವ ಚಿತ್ರಗಳೆಲ್ಲ ಲಕ್ಷ್ಮಣ್ ಬರೆದವು. ಮುಂದೆ 1986ರಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ತೆಗೆದರಲ್ಲ, ಅದಕ್ಕೂ ಅಣ್ಣನದು ಕಥೆ, ತಮ್ಮನದು ರೇಖೆ. ಈಗ ಮೂವತ್ತು ದಾಟಿದ ನಮ್ಮಂಥವರಿಗೆ ಆ ಹಾಡಿನ ಜೊತೆಗೆ ಪರದೆಯ ಮೇಲೆ ಬರುವ ಚಿತ್ರಗಳು ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ.

1988ರಲ್ಲಿ ದೂರದರ್ಶನದಲ್ಲಿ 'ವಾಗ್ಲೆ ಕಿ ದುನಿಯಾ' ಬಂತು. ಕುಂದನ್ ಶಾ ನಿರ್ದೇಶನ. ವಾಗ್ಲೆಯಾಗಿ ಅಂಜನ್ ಶ್ರೀವಾಸ್ತವ್, ಹೆಂಡತಿಯಾಗಿ ಭಾರತಿ ಆಚ್ರೇಕರ್. ವಾಗ್ಲೆಯೂ ಲಕ್ಷ್ಮಣ್ ಕಟ್ಟಿದ ಪಾತ್ರವೇ, ನಮ್ಮ ಚೌಕಳಿ ಕೋಟಿನವನ ದಾಯಾದಿ ಎನ್ನಬಹುದು. ಪರದೆಗೆ ಬಂದ ಕೂಡಲೇ ಶ್ರೀಸಾಮಾನ್ಯನಿಗೆ ಬಾಯಿ ಬಂತು! ಆದರೆ ಆ ಬಾಯಲ್ಲಿ ಬಂದ ಮಾತೇನು? ಮನೆಯ ಮಾತು, ನೆರೆಮನೆಯವರ ಮಾತು, ಕಚೇರಿಯ ಸಾಹೇಬರಿಗೆ ಹೆದರಿದ ಮಾತು. ನಗು ಬರುತ್ತಿತ್ತು, ಪ್ರೀತಿಯೂ ಹುಟ್ಟುತ್ತಿತ್ತು. ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮೂಕನಿಗೆ ಮಾತು ಬಂದಾಗ ಅವನು ಮೊದಲು ಕೇಳಬೇಕಾಗಿದ್ದನ್ನು ಕೇಳಲಿಲ್ಲವಲ್ಲ ಎಂಬುದೊಂದೇ ನನ್ನ ತಕರಾರು. 2021ರಲ್ಲಿ ಅದೇ ವಾಗ್ಲೆಯ ಮಗ, ಮೊಮ್ಮಕ್ಕಳ ಕಥೆಯೆಂದು ಮತ್ತೊಂದು ಧಾರಾವಾಹಿ ಬಂತು. ಅದನ್ನು ನಾನು ಒಂದೆರಡು ಕಂತು ನೋಡಿ ಬಿಟ್ಟೆ.

ಸನ್ಮಾನಗಳಿಗೇನೂ ಕೊರತೆಯಾಗಲಿಲ್ಲ. 1988ರಲ್ಲೇ, ಪತ್ರಿಕೆಗೆ 150 ವರ್ಷ ತುಂಬಿದಾಗ, ಅಂಚೆ ಇಲಾಖೆಯವರು ಈತನ ಚಿತ್ರದ ಅಂಚೆಚೀಟಿ ತೆಗೆದರು. ಪುಣೆಯ ಸಿಂಬಯೋಸಿಸ್ ವಿದ್ಯಾಸಂಸ್ಥೆಯ ಆವರಣದಲ್ಲಿ ಎಂಟು ಅಡಿಯ ಕಂಚಿನ ಪ್ರತಿಮೆ ನಿಂತಿತು; ಮುಂಬಯಿಯ ವರ್ಲಿ ಕಡಲ ದಂಡೆಯಲ್ಲಿ ಇನ್ನೊಂದು. ಸಾಮಾನ್ಯನಿಗೆ ಎಂಟು ಅಡಿಯ ಕಂಚು! ಬದುಕಿರುವ ಸಾಮಾನ್ಯನಿಗೆ ಅದೇ ನಗರದಲ್ಲಿ ಎಂಟು ಅಡಿಯ ಕೋಣೆ ಸಿಕ್ಕುವುದು ದುರ್ಲಭ.

ಇನ್ನು ವಿಮಾನದ ಕಥೆ. ಇದನ್ನು ನಮ್ಮ ಕಾರ್ಮಿಕ ಬಾಂಧವರು ಸ್ವಲ್ಪ ನಿಧಾನವಾಗಿ ಓದಬೇಕು. ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಎಂಬ ಅಗ್ಗದ ದರದ ವಿಮಾನ ಸಂಸ್ಥೆಯನ್ನು ತೆರೆದರು. ಸಾಮಾನ್ಯನೂ ಹಾರಲಿ ಎಂಬುದು ಅವರ ಘೋಷಣೆ. ಅದಕ್ಕೆ ಲಾಂಛನವಾಗಿ ಲಕ್ಷ್ಮಣ್ ಅವರ ಇದೇ ಮುದುಕನನ್ನು ಇರಿಸಿಕೊಂಡರು. ಉದ್ದೇಶ ಒಳ್ಳೆಯದೇ ಇದ್ದಿರಬೇಕು, ಕೆಲವರು ಮೊದಲ ಬಾರಿಗೆ ವಿಮಾನ ಹತ್ತಿದ್ದೂ ಹೌದು. 2007ರಲ್ಲಿ ವಿಜಯ ಮಲ್ಯರ ಕಿಂಗ್‌ಫಿಷರ್ ಬಳಗದವರು ಆ ಸಂಸ್ಥೆಯಲ್ಲಿ ಪಾಲು ಕೊಂಡರು, ಮರುವರ್ಷ ಎರಡೂ ಒಂದಾದವು. ಚೌಕಳಿ ಕೋಟಿನವನು ಇಳಿದು ಹೋದ, ಅವನ ಜಾಗಕ್ಕೆ ಕೆಂಪು ಹಕ್ಕಿ ಬಂದು ಕೂತಿತು. 2012ರ ಅಕ್ಟೋಬರಿನಲ್ಲಿ ವಿಮಾನಗಳು ಹಾರುವುದೇ ನಿಂತಿತು. ಅಷ್ಟರಲ್ಲಿ ಎಂಜಿನಿಯರುಗಳು, ಪೈಲಟ್ಟುಗಳು, ಮೂಟೆ ಹೊರುವವರು, ಎಲ್ಲರ ಸಂಬಳ ತಿಂಗಳುಗಟ್ಟಲೆ ಬಾಕಿ ನಿಂತಿತ್ತು. ಅವರು ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಬ್ಯಾಂಕುಗಳಲ್ಲಿದ್ದ ಸಾರ್ವಜನಿಕರ ಹಣದ ಸಾಲ ಸಾವಿರಾರು ಕೋಟಿ ಹಾಗೆಯೇ ಉಳಿಯಿತು. ಮಾಲೀಕರು 2016ರಲ್ಲಿ ಇಂಗ್ಲೆಂಡಿಗೆ ಹೋದರು. ಲಾಂಛನದ ಶ್ರೀಸಾಮಾನ್ಯನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಿದ್ದರೂ ಅವನು ಹೇಳುತ್ತಿರಲಿಲ್ಲ, ಅವನ ಗುಣವೇ ಅದು. ಬೀದಿಗೆ ಬಂದ ಕೆಲಸಗಾರರು ಮಾತ್ರ ಕೂಗಿದರು.

ಈಗ ನನ್ನ ತಕರಾರಿಗೆ ಬರುತ್ತೇನೆ.

ಈ ಚಿತ್ರದ ಮೌನವನ್ನು ಎರಡು ರೀತಿಯಲ್ಲಿ ಓದಬಹುದು. ಆ ಮೌನವೇ ಒಂದು ಛೀಮಾರಿ. ಮಂತ್ರಿಯ ಸುಳ್ಳಿನ ಮುಂದೆ ಎರಡು ಕಣ್ಣು ಸುಮ್ಮನೆ ತೆರೆದುಕೊಂಡು ನಿಂತರೆ ಸುಳ್ಳು ತಾನೇ ಬೆತ್ತಲೆಯಾಗುತ್ತದೆ ಎಂದು ನಮ್ಮ ಕಚೇರಿಯ ಹುಡುಗರು ವಾದಿಸಿದರು. ಒಳ್ಳೆಯ ವಾದ. ಚಿತ್ರ ಬರೆದವರ ಮನಸ್ಸಿನಲ್ಲೂ ಅದೇ ಇದ್ದಿರಬಹುದು. ಆದರೆ ಚಿತ್ರವು ಬರೆದವನ ಕೈಯಲ್ಲಿ ಉಳಿಯುವುದಿಲ್ಲ, ನೋಡುವವನ ಮನೆಗೆ ಹೋಗುತ್ತದೆ. ಕೂಲಿಯ ಮಾತಾಡಲೆಂದು ನಾವು ನಾಲ್ವರು ಒಮ್ಮೆ ಒಂದು ಎಣ್ಣೆ ಮಿಲ್ಲಿನ ಮಾಲೀಕರನ್ನು ಕಾಣಲು ಹೋಗಿದ್ದೆವು. ಹೆಸರು ಬೇಡ. ಎರಡು ಗಂಟೆ ಕಾಯಿಸಿ ಒಳಗೆ ಕರೆದರು. ಅವರ ಕುರ್ಚಿಯ ಹಿಂದೆ, ಲಕ್ಷ್ಮೀ ಪಟದ ಪಕ್ಕದಲ್ಲಿ, ಗಾಜು ಹಾಕಿಸಿ ತೂಗುಹಾಕಿದ್ದ ಚಿತ್ರ ಯಾವುದು ಗೊತ್ತೇ? ಇದೇ ಚೌಕಳಿ ಕೋಟು. ನಾನು ನೋಡುತ್ತಿದ್ದುದನ್ನು ಕಂಡು ಅವರು, "ಏನ್ ಮೇಷ್ಟ್ರೇ, ನಾವೂ ಕಾಮನ್ ಮ್ಯಾನೇ ಅಲ್ವೇ? ಟ್ಯಾಕ್ಸು, ಕರೆಂಟು, ನಮಗೂ ಕಷ್ಟ ಐತೆ" ಎಂದರು. ಹೇಳುವಾಗ ಅವರ ಮುಖದಲ್ಲಿ ಕಪಟವಿರಲಿಲ್ಲ. ನಿಜವಾಗಿಯೂ ಹಾಗೇ ನಂಬಿದ್ದರು. ನನಗೆ ಗಾಬರಿಯಾದದ್ದು ಅದಕ್ಕೇ. ಮೂಟೆಗೆ ಇಷ್ಟೆಂದು ಕೊಡುವವನೂ ಮೂಟೆ ಹೊರುವವನೂ ಒಂದೇ ಪಟವನ್ನು ತೋರಿಸಿ 'ಇದು ನಾನೇ' ಎನ್ನಬಹುದಾದರೆ ಆ ಪಟವನ್ನು ಹಿಡಿದು ಕೂಲಿ ಕೇಳುವುದು ಹೇಗೆ? ಅವನು ಒಂದು ಮಾತು ಆಡಿದ್ದರೆ ತಿಳಿದುಹೋಗುತ್ತಿತ್ತು, ಯಾರ ಕಡೆಯವನು ಎಂದು.

ಸಣ್ಣ ವ್ಯಾಪಾರಿಗಳ ವಿಷಯದಲ್ಲೂ ಇದೇ. ಕಿರಾಣಿ ಅಂಗಡಿಯವರು, ಹುಣಸೆಹಣ್ಣು ಕೊಂಡು ಮಾರುವವರು, ಸಂತೆಯಲ್ಲಿ ತಕ್ಕಡಿ ಹಿಡಿಯುವವರು ಈ ಪತ್ರಿಕೆಯನ್ನು ಓದುತ್ತಾರೆ, ಚಂದಾ ಕಟ್ಟುತ್ತಾರೆ. ಅವರಲ್ಲಿ ಹತ್ತು ಜನರನ್ನು ಸಭೆಗೆ ಕರೆದರೆ ಎಂಟು ಜನ ಹೇಳುವ ಮಾತು: "ನಾವು ಕಾಮನ್ ಮ್ಯಾನ್‌ಗಳು ಸಾರ್, ನಮಗ್ಯಾಕೆ ಆ ಗಲಾಟೆ?" ಸಾಮಾನ್ಯ ಎಂಬ ಮಾತಿಗೆ ಸುಮ್ಮನಿರುವವನು ಎಂಬ ಅರ್ಥ ಯಾವಾಗ ಬಂತು? ನಮ್ಮ ಕನ್ನಡದಲ್ಲಿ ಅದಕ್ಕೆ ಆ ಅರ್ಥ ಇರಲಿಲ್ಲ. ಕುವೆಂಪು ಅವರು ಸಾಮಾನ್ಯನ ಹಿಂದೆ 'ಶ್ರೀ'ಯನ್ನು ಸೇರಿಸಿ, 'ಶ್ರೀ ಸಾಮಾನ್ಯರ ದೀಕ್ಷಾಗೀತೆ' ಎಂದು ಹಾಡು ಕಟ್ಟಿದರು. ದೀಕ್ಷೆ ಕೊಡುವುದು ಎದ್ದು ನಿಲ್ಲುವವನಿಗೆ. ಮೈಸೂರು ಸೀಮೆಯಿಂದಲೇ ಇಬ್ಬರು ಶ್ರೀಸಾಮಾನ್ಯರು ಹೊರಟರು ನೋಡಿ: ಒಬ್ಬನು ಕವಿಯಿಂದ ದೀಕ್ಷೆ ಪಡೆದವನು, ಇನ್ನೊಬ್ಬನು ಬೊಂಬಾಯಿಯ ರೈಲು ಹತ್ತಿ ಕೊಡೆ ಹಿಡಿದು ಮೂಲೆಯಲ್ಲಿ ನಿಂತವನು. ನಾವು ಮನೆಗೆ ಕರೆದುಕೊಂಡದ್ದು ಎರಡನೆಯವನನ್ನು.

ಇನ್ನೊಂದು ಕಾಕತಾಳೀಯವನ್ನು ಹೇಳದಿದ್ದರೆ ತಪ್ಪಾದೀತು. ಬೊಂಬಾಯಿಯ ಪತ್ರಿಕೆಯ ಮೂಲೆಯಲ್ಲಿ ಮಾತಾಡದ ಸಾಮಾನ್ಯನು ಹುಟ್ಟಿದ 1951ರಲ್ಲೇ, ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಕಾಗೋಡು ಎಂಬ ಹಳ್ಳಿಯಲ್ಲಿ ಗೇಣಿದಾರರು ಬಾಯಿ ತೆರೆದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗ ದೊಡ್ಡದಾಯಿತು, ಇದು ಮೋಸ ಎಂದರು. ಅಷ್ಟೇ ಮಾತು. ಆ ಮಾತಿಗೆ ಒಡೆಯರು ಭೂಮಿ ಬಿಡಿಸಿದರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರು ಬಂದರು, ಡಾ. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಜನ ಸಾಲುಸಾಲಾಗಿ ಗದ್ದೆಗಿಳಿದು ಜೈಲು ತುಂಬಿದರು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾದಾಗ, ಅದರ ಹಿಂದೆ ಆ ಕೊಳಗದ ಮಾತೂ ಇತ್ತು. ಅವರು ಕೋಟು ಹಾಕಿದವರಲ್ಲ, ಓದು ಬರಹ ಬಲ್ಲವರೂ ಬಹಳ ಇರಲಿಲ್ಲ. ಸಾಮಾನ್ಯರಲ್ಲದಿದ್ದರೆ ಅವರು ಮತ್ತಾರು? ಅವರ ಪ್ರತಿಮೆ ವರ್ಲಿಯ ದಂಡೆಯಲ್ಲಿಲ್ಲ.

ತುರ್ತುಪರಿಸ್ಥಿತಿಯ ಕಾಲವನ್ನೂ ನೆನೆಯಬೇಕು. 1975ರ ಜೂನಿನಿಂದ ಪತ್ರಿಕೆಗಳ ಮೇಲೆ ಸೆನ್ಸಾರು ಕೂತಾಗ ದೇಶವೇ ಚೌಕಳಿ ಕೋಟು ತೊಟ್ಟಂತಾಯಿತು. ಎಲ್ಲರೂ ನೋಡುವವರು, ಯಾರೂ ಮಾತಾಡುವವರಲ್ಲ. ಆಗ 'ಸಂಸ್ಕಾರ' ಚಿತ್ರದಲ್ಲಿ ಅಭಿನಯಿಸಿದ್ದ ಸಮಾಜವಾದಿ ಗೆಳತಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರು ಜೈಲಿನಲ್ಲಿದ್ದರು. ಆಸ್ತಮಾದಿಂದ ನರಳುತ್ತಿದ್ದ ಆಕೆಯನ್ನು 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಟ್ಟರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ತೆರೆಯ ಮೇಲೆ ನಿಂತವರಲ್ಲಿ ಹಾಗೂ ಒಬ್ಬರಿದ್ದರು.

ಹಾಗಾದರೆ ಭಿತ್ತಿಪತ್ರದಲ್ಲಿ ಯಾರನ್ನು ಹಾಕೋಣ ಎಂದು ಹುಡುಗರು ಕೇಳಿದಾಗ, ಕಿಳ್ಳೇಕ್ಯಾತನನ್ನು ಹಾಕಿ ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅವರು ಅವನನ್ನು ನೋಡಿಯೇ ಇರಲಿಲ್ಲ. ಹಿರಿಯ ಹಮಾಲಿಯವರು ಮಾತ್ರ ಮೂಲೆಯಿಂದ "ಹಾಂ!" ಎಂದು ತೊಡೆ ತಟ್ಟಿದರು.

ಸಿನಿಮಾ ಹುಟ್ಟುವುದಕ್ಕೆ ಎಷ್ಟೋ ಮೊದಲು ನಮ್ಮ ಹಳ್ಳಿಗಳಲ್ಲಿ ಪರದೆಯಿತ್ತು. ಬಿಳಿ ಬಟ್ಟೆಯ ಪರದೆ, ಹಿಂದೆ ದೀಪ, ದೀಪಕ್ಕೂ ಬಟ್ಟೆಗೂ ನಡುವೆ ಹದಮಾಡಿದ ಚರ್ಮದ ಬಣ್ಣದ ಗೊಂಬೆಗಳು: ತೊಗಲುಗೊಂಬೆಯಾಟ. ಗಣಪತಿಯ ಸ್ತುತಿ ಮುಗಿದ ಮೇಲೆ ಆ ಪರದೆಗೆ ಬಂದು ಕುಣಿಯುವವನು ಕಿಳ್ಳೇಕ್ಯಾತ. ಕಪ್ಪು ಮೈ, ಡೊಳ್ಳು ಹೊಟ್ಟೆ, ಸೊಟ್ಟ ಕೈಕಾಲು, ಕೆದರಿದ ತಲೆ. ಜೊತೆಗೆ ಅವನ ಹೆಂಡತಿ ಬಂಗಾರಕ್ಕ. ಆಕೆಯ ಬಾಯಿಯ ಮುಂದೆ ಯಾರೂ ನಿಲ್ಲಲಾರರು. ರಾಮರಾವಣರ ಯುದ್ಧ ನಡೆಯುತ್ತಿರಲಿ, ದ್ರೌಪದಿಯ ಗೋಳು ನಡೆಯುತ್ತಿರಲಿ, ನಡುವೆ ನುಗ್ಗಿ ಬಂದು ಊರಿನ ಗೌಡನ ಲೆಕ್ಕ, ಶ್ಯಾನುಭೋಗನ ಲೇಖಣಿ, ಬಡ್ಡಿಯ ಸಾಹುಕಾರ, ಎಲ್ಲವನ್ನೂ ಎತ್ತಿ ಆಡುತ್ತಾನೆ. ಅವನು ಆಡುವ ಮಾತೆಲ್ಲ ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ, ಅದು ಬೇರೆ ಮಾತು! ನಮ್ಮ ಮೂಡಲಪಾಯದ ಕೋಡಂಗಿಯೂ ಇದೇ ಕುಲದವನು. ಇದೇ ಜಿಲ್ಲೆಯ ಗುಬ್ಬಿ ವೀರಣ್ಣನವರು ರಂಗದ ಮೇಲೆ ಹಾಸ್ಯದ ಪಾತ್ರದಿಂದಲೇ ಜನರ ಮನಸ್ಸು ಗೆದ್ದವರು. ಮಾತಾಡುವ ಸಾಮಾನ್ಯನೇ ನಮ್ಮ ಸೀಮೆಯ ಪದ್ಧತಿ.

ತೊಗಲುಗೊಂಬೆಯಲ್ಲಿ ಇನ್ನೊಂದು ವಿಶೇಷವಿದೆ. ಕರ್ನಾಟಕದ ಗೊಂಬೆಗಳಲ್ಲಿ ದೇವರು, ರಾಜರು ದೊಡ್ಡ ಅಳತೆ. ಆಳುಕಾಳುಗಳು, ಸಾಮಾನ್ಯರು ಚಿಕ್ಕ ಅಳತೆ. ಸಮಾಜದ ಅಂತಸ್ತನ್ನು ಮೊಳ ಹಾಕಿ ಅಳೆದಂತೆ ಚರ್ಮ ಕತ್ತರಿಸಿದ್ದಾರೆ. ಅಂಥ ಪರದೆಯ ಮೇಲೆ ಈ ಚೋಟುದ್ದದವನು ರಾವಣನ ಹತ್ತು ತಲೆಯ ಪಕ್ಕದಲ್ಲಿ ನಿಂತು, ಯಾವ ಬಾಯಲ್ಲಿ ಉಣ್ಣುತ್ತೀಯಪ್ಪ ಎಂದು ಕೇಳಬಲ್ಲ. ಎಂಟು ಅಡಿಯ ಕಂಚಿಗೆ ಸಾಧ್ಯವಾಗದ್ದು ಇದು.

ಹಕ್ಕಿನ ಪ್ರಶ್ನೆಯೂ ಒಂದಿದೆ, ಇದನ್ನು ವಕೀಲರೊಬ್ಬರನ್ನು ಕೇಳಿ ತಿಳಿದುಕೊಂಡೆ. ನಮ್ಮ ದೇಶದ ಕಾನೂನಿನಲ್ಲಿ ಚಿತ್ರ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಲಕ್ಷ್ಮಣ್ ತೀರಿಕೊಂಡದ್ದು 2015ರ ಜನವರಿ 26ರಂದು, ಗಣರಾಜ್ಯದ ದಿನವೇ. ಹಾಗಾಗಿ 2075 ಮುಗಿಯುವವರೆಗೆ ಶ್ರೀಸಾಮಾನ್ಯನ ಪಟವನ್ನು ಶ್ರೀಸಾಮಾನ್ಯನು ಕೇಳದೆ ಅಚ್ಚು ಹಾಕಿಸುವಂತಿಲ್ಲ! ಅಮೆರಿಕದ ಮಿಕ್ಕಿ ಮೌಸ್ ಎಂಬ ಇಲಿಯ ಕಥೆ ಇನ್ನೂ ದೊಡ್ಡದು. 1928ರ ನವೆಂಬರಿನಲ್ಲಿ ಪರದೆಗೆ ಬಂದ ಆ ಇಲಿಯನ್ನು ಗೀಚಿದ ಕೈ ಅಬ್ ಐವರ್ಕ್ಸ್ ಎಂಬ ಕೆಲಸಗಾರನದು, ಲೋಕ ಬಲ್ಲ ಹೆಸರು ವಾಲ್ಟ್ ಡಿಸ್ನಿಯದು. 1941ರಲ್ಲಿ ಡಿಸ್ನಿಯ ಸ್ಟುಡಿಯೋದ ಚಿತ್ರಕಾರರು ಸಂಘ ಕಟ್ಟಿ ಮುಷ್ಕರ ಹೂಡಿದರು. ಗೇಟಿನ ಮುಂದೆ ಫಲಕ ಹಿಡಿದು ವಾರಗಟ್ಟಲೆ ನಿಂತರು, ಗೆದ್ದರು. ಇಲಿಯ ಮೇಲಿನ ಹಕ್ಕು ಮುಗಿಯುವ ಹೊತ್ತಿಗೆ 1998ರಲ್ಲಿ ಅಲ್ಲಿಯ ಕಾನೂನನ್ನೇ 20 ವರ್ಷ ಹಿಗ್ಗಿಸಲಾಯಿತು. ಕಡೆಗೆ ಆ ಮೊದಲ ಇಲಿ ಸಾರ್ವಜನಿಕರ ಸೊತ್ತಾದದ್ದು 2024ರ ಜನವರಿ 1ರಂದು, ಹುಟ್ಟಿ 95 ವರ್ಷದ ಮೇಲೆ. ಕಿಳ್ಳೇಕ್ಯಾತನಿಗೆ ಮಾಲೀಕರೇ ಇಲ್ಲ. ಅವನು ಹುಟ್ಟಿದ ದಿನದಿಂದಲೂ ಎಲ್ಲರವನು.

ಎಲ್ಲರವನಾದದ್ದಕ್ಕೆ ಅವನನ್ನು ಆಡಿಸಿದವರು ಏನು ಪಡೆದರು ಎಂದರೆ ಲೆಕ್ಕ ಕಹಿಯಾಗಿದೆ. ಆಡಿಸುವ ಜನಾಂಗಕ್ಕೂ ಅದೇ ಹೆಸರು. ಶಿಳ್ಳೇಕ್ಯಾತರು ಎಂದು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಊರೂರು ಅಲೆದು, ಮಳೆ ಬರಲೆಂದು ರಾತ್ರಿಯೆಲ್ಲ ಆಡಿ, ಕೊಟ್ಟ ರಾಗಿ ಕಟ್ಟಿಕೊಂಡು ಮುಂದಿನ ಊರಿಗೆ ಹೋದವರು. ಟೆಂಟು ಸಿನಿಮಾ ಬಂತು, ಟೀವಿ ಬಂತು, ಅಂಗೈಯಲ್ಲೇ ಪರದೆ ಬಂತು. ಹಳೆಯ ಗೊಂಬೆಗಳು ಪೇಟೆಯ ವಸ್ತುಸಂಗ್ರಹದವರ ಪಾಲಾದವು. ನಮ್ಮ ಪಾವಗಡದ ಆಚೆ, ಅನಂತಪುರ ಸೀಮೆಯ ನಿಮ್ಮಲಕುಂಟದಲ್ಲಿ ಇದೇ ಚರ್ಮದಲ್ಲಿ ಈಗ ದೀಪಕ್ಕೆ ಹೊದಿಸುವ ಗವಸು ಮಾಡಿ ಮಾರುತ್ತಾರೆ, ಹೊಟ್ಟೆ ಕೇಳಬೇಕಲ್ಲ. 2025ರಲ್ಲಿ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ಆಗ ಆಕೆಗೆ 96 ವರ್ಷ. ಲಕ್ಷ್ಮಣ್ ಅವರಿಗೆ ಪದ್ಮಭೂಷಣ ಬಂದದ್ದು 1973ರಲ್ಲಿ, ಐವತ್ತರ ಆಸುಪಾಸಿನಲ್ಲಿ. ಯೋಗ್ಯರಿಗೇ ಬಂತು, ಅದರಲ್ಲಿ ಸಂದೇಹವಿಲ್ಲ. ಆದರೆ ಬಟ್ಟೆಯ ಪರದೆಯ ಹಿಂದೆ ನಿಂತವರನ್ನು ತಲಪಲು ಸರ್ಕಾರಕ್ಕೆ ಇನ್ನೂ ಅರ್ಧ ಶತಮಾನ ಬೇಕಾಯಿತು ಎಂಬುದನ್ನು ನಮ್ಮ ಓದುಗರು ಗಮನಿಸಲಿ.

ಭಿತ್ತಿಪತ್ರವು ಕಡೆಗೆ ಯಾವ ಚಿತ್ರವೂ ಇಲ್ಲದೆ ಅಚ್ಚಾಯಿತು. ಎರಡು ಬೇಡಿಕೆ, ತಾರೀಕು, ಜಾಗ, ಅಷ್ಟೆ. ನನ್ನ ಹಟವೂ ನಡೆಯಲಿಲ್ಲ, ಹುಡುಗರದೂ ನಡೆಯಲಿಲ್ಲ. ಅಚ್ಚಿನವರು ಗಡುವು ಹಾಕಿದ್ದರು. ಸಭೆ ಮಧುಗಿರಿಯಲ್ಲಿ ಸೇರಿತು. ಕೋಟು ತೊಟ್ಟವರು ಯಾರೂ ಬರಲಿಲ್ಲ. ಮೂಟೆ ಹೊರುವವರಲ್ಲಿ ಐದು ಮಂದಿ ಮೈಕು ಹಿಡಿದು ಮಾತಾಡಿದರು, ಅವರಲ್ಲಿ ಇಬ್ಬರು ಹೆಂಗಸರು. ಒಬ್ಬಾಕೆಯಂತೂ ಬಂಗಾರಕ್ಕನ ಮೊಮ್ಮಗಳೇ ಸರಿ. ಬಟವಾಡೆಯ ದಿನ ಗುಮಾಸ್ತರು ಎಣಿಸುವ ಬಗೆಯನ್ನು ಆಕೆ ಅಭಿನಯಿಸಿ ತೋರಿಸಿದಾಗ ಬಂದೋಬಸ್ತಿಗೆಂದು ನಿಂತಿದ್ದ ಪೊಲೀಸಿನವರೂ ಮುಖ ತಿರುಗಿಸಿಕೊಂಡು ನಕ್ಕರು. ಮೂರು ಗಿರಣಿಯವರು ಮಾತುಕತೆಗೆ ಬರುವುದಾಗಿ ಹೇಳಿಕಳುಹಿಸಿದ್ದಾರೆ. ನಾಲ್ಕನೆಯವರು, ಪಟ ತೂಗುಹಾಕಿದ್ದವರು, ಇನ್ನೂ ಉತ್ತರಿಸಿಲ್ಲ.

ಚನ್ನರಾಯನದುರ್ಗದ ಆ ಇಬ್ಬರು ಹುಡುಗರು ಈಗ ಕಿಳ್ಳೇಕ್ಯಾತನ ಗೊಂಬೆಯನ್ನು ಕಣ್ಣಾರೆ ನೋಡಬೇಕೆಂದು ಹಟ ಹಿಡಿದಿದ್ದಾರೆ. ಸಿರಾ, ಮಧುಗಿರಿ, ಪಾವಗಡದ ಕಡೆ ಯಾರ ಮನೆಯಲ್ಲಾದರೂ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ತೊಗಲುಗೊಂಬೆ ಇದ್ದರೆ, ಅಥವಾ ಆಡಿಸಬಲ್ಲ ಹಿರಿಯರು ಇದ್ದರೆ, ಈ ಪತ್ರಿಕೆಯ ಕಚೇರಿಗೆ ಒಂದು ಕಾರ್ಡು ಬರೆಯಬೇಕೆಂದು ಕೋರುತ್ತೇನೆ. ಕೊಂಡುಕೊಳ್ಳಲು ಅಲ್ಲ. ಮುಂದಿನ ಸಭೆಗೆ ಪರದೆ, ದೀಪ, ಆಡಿಸುವವರ ಒಂದು ರಾತ್ರಿಯ ಕೂಲಿ, ಇಷ್ಟನ್ನು ಒದಗಿಸಲು ಸಂಘದವರು ಒಪ್ಪಿದ್ದಾರೆ.